ಜೋಡಿ ಮದ್ದಿನ ಕಥೆ

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ವೈದ್ಯ ವಿಷಯವನ್ನು ಕುರಿತು ಲೇಖನಿ ಹಿಡಿದುದನ್ನು ಕಂಡು ಗುರುಗಳೂ ಸಹಪಾಠಿಗಳೂ ಅಚ್ಚರಿಪಡಬಹುದು. ಅದಕ್ಕೆ ಕಾರಣವುಂಟು. ಕಳೆದ ವರ್ಷ ನನ್ನ ಸೋದರಮಾವ ತಲೆನೋವೆಂದು ಮಲಗಿದರು. ಬಿಸಿಲಿನ ತಾಪವಿರಬೇಕೆಂದು ನಾವು ಹದಿನೈದು ದಿನ ಕಳೆದೆವು. ಜ್ವರ, ವಾಂತಿ, ಮಂಪರು ಒಂದರ ಹಿಂದೊಂದು ಬಂದಾಗ ಆಸ್ಪತ್ರೆಗೆ ಸೇರಿಸಿದೆವು. ಮೂರು ವಾರ ಅವರ ಮಂಚದ ಬಳಿ ಕುಳಿತಿದ್ದವನು ನಾನು. ಆಗ ವೈದ್ಯರನ್ನು ಕೇಳಿ, ಅನಂತರ ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ವೈದ್ಯರು ಸೊಂಟದ ಬಳಿ ಸೂಜಿ ಚುಚ್ಚಿ ಬೆನ್ನುಹುರಿಯ ಸುತ್ತಲಿನ ನೀರನ್ನು ತೆಗೆದರು. ಅದರ ಒಂದು ಹನಿಗೆ ಕಪ್ಪು ಇಂಡಿಯಾ ಮಸಿಯನ್ನು ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕತ್ತಲೆಯಲ್ಲಿ ಬೆಳ್ಳನೆಯ ಬಳೆ ತೊಟ್ಟಂತಹ ದುಂಡು ಕಣಗಳು ಕಂಡವು. ಅವೇ ಕ್ರಿಪ್ಟೊಕಾಕಸ್ ಎಂಬ ಯೀಸ್ಟ್. ಹೆಂಡವನ್ನು ಹುಳಿಸುವ, ಬೇಕರಿಯ ರೊಟ್ಟಿಯನ್ನು ಉಬ್ಬಿಸುವ ಯೀಸ್ಟಿನಂತೆ ಇದೂ ಶಿಲೀಂಧ್ರದ ಜಾತಿಯೇ. ಪಾರಿವಾಳದ ಹಿಕ್ಕೆ ಬೆರೆತ ಮಣ್ಣಿನಲ್ಲಿ ಬೆಳೆದು, ಧೂಳಿನೊಡನೆ ನಮ್ಮ ಶ್ವಾಸಕೋಶವನ್ನು ಹೊಗುತ್ತದೆ. ಆರೋಗ್ಯವಂತರ ದೇಹವು ಅದನ್ನು ಸಾಮಾನ್ಯವಾಗಿ ಅಡಗಿಸಿಬಿಡುತ್ತದೆ. ಏಡ್ಸ್ ರೋಗದಿಂದಲೋ, ಬಹುಕಾಲ ಸ್ಟೀರಾಯ್ಡ್ ಗುಳಿಗೆ ಸೇವಿಸಿದ್ದರಿಂದಲೋ ರಕ್ಷಣಾಶಕ್ತಿ ಕುಗ್ಗಿದವರಲ್ಲಿಯೇ ಹೆಚ್ಚಾಗಿ ಅದು ಮಿದುಳಿನ ಪೊರೆಗೆ ಏರುತ್ತದೆ. ನಮ್ಮ ಮಾವ ಕೀಲುನೋವಿಗೆಂದು ವರ್ಷಗಟ್ಟಲೆ ಅಂತಹ ಗುಳಿಗೆ ನುಂಗುತ್ತಿದ್ದರು. ಮಿದುಳಿಗೆ ತಗುಲಿದ ಈ ರೋಗಕ್ಕೆ ಚಿಕಿತ್ಸೆಯಿಲ್ಲದೆ ಹೋದರೆ ಮರಣವೇ ಗತಿ.

ಶಿಲೀಂಧ್ರವನ್ನು ಕೊಲ್ಲುವುದೇಕೆ ಕಷ್ಟ? ಅದರ ಜೀವಕೋಶದ ರಚನೆ ಬ್ಯಾಕ್ಟೀರಿಯಾಕ್ಕಿಂತ ನಮ್ಮ ಜೀವಕೋಶಕ್ಕೇ ಹತ್ತಿರ. ಅದಕ್ಕೆ ವಿಷವಾದುದು ನಮಗೂ ವಿಷವಾಗುವ ಭಯವಿದೆ. ವೆನಿಜುವೆಲಾ ದೇಶದ ಒರಿನೊಕೊ ನದಿಯ ಕಡೆಯ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ ೧೯೫೫ರಲ್ಲಿ ಆಂಫೊಟೆರಿಸಿನ್ ಬಿ ಎಂಬ ಮದ್ದು ದೊರೆಯಿತು. ಶಿಲೀಂಧ್ರದ ಕೋಶಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಪದಾರ್ಥವಿದೆ. ನಮ್ಮ ಕೋಶಪೊರೆಯಲ್ಲಿರುವುದು ಕೊಲೆಸ್ಟೆರಾಲ್. ಈ ಮದ್ದು ಎರ್ಗೊಸ್ಟೆರಾಲನ್ನು ಹಿಡಿದು ಪೊರೆಯನ್ನು ಕೆಡಿಸಿ ತೂತು ಮಾಡುತ್ತದೆ. ಆದರೆ ಎರಡಕ್ಕೂ ಹೋಲಿಕೆಯಿರುವುದರಿಂದ ನಮ್ಮ ಮೂತ್ರಪಿಂಡಕ್ಕೂ ಪೆಟ್ಟು ತಪ್ಪದು.

ಎರಡನೆಯ ಮದ್ದಾದ ಫ್ಲೂಸೈಟೊಸಿನ್ನಿನ ಚರಿತ್ರೆ ಸ್ವಾರಸ್ಯವಾದುದು. ೧೯೫೭ರಲ್ಲಿ ಇದನ್ನು ತಯಾರಿಸಿದ್ದು ಅರ್ಬುದ ರೋಗಕ್ಕಾಗಿ. ಅಲ್ಲಿ ಇದು ಸೋತಿತು. ಇದನ್ನು ವಿಷವಾಗಿ ಮಾರ್ಪಡಿಸುವ ಕಿಣ್ವ ಮನುಷ್ಯನ ಜೀವಕೋಶದಲ್ಲಿ ಇಲ್ಲ. ಯೀಸ್ಟಿನಲ್ಲಿ ಇದೆ! ಅಲ್ಲಿ ಸೋಲಿಗೆ ಕಾರಣವಾದುದೇ ಇಲ್ಲಿ ಗುಣವಾಯಿತು. ಯೀಸ್ಟು ತನ್ನ ವಿಷವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ಇದೊಂದನ್ನೇ ಕೊಟ್ಟರೆ, ಇದಕ್ಕೆ ಜಗ್ಗದ ಯೀಸ್ಟುಗಳು ಬೇಗನೆ ತಲೆಯೆತ್ತುತ್ತವೆ.

ಇವೆರಡನ್ನೂ ಕೂಡಿಸಿದರೆ? ಮೊದಲನೆಯದು ಪೊರೆಯನ್ನು ಕೆಡಿಸಿದಾಗ ಎರಡನೆಯದು ಒಳಹೊಗುವುದು ಸುಲಭವಾಗುತ್ತದೆಂದು ವಿದ್ವಾಂಸರು ವಿವರಿಸುತ್ತಾರೆ. ಎರಡನೆಯದಕ್ಕೆ ಜಗ್ಗದವನ್ನು ಮೊದಲನೆಯದು ಕೊಲ್ಲುತ್ತದೆ. ೧೯೭೯ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಆಂಫೊಟೆರಿಸಿನ್ ಒಂದನ್ನೇ ೧೦ ವಾರ ಕೊಟ್ಟ ೨೭ ಚಿಕಿತ್ಸೆಗಳಲ್ಲಿ ಗುಣ ಕಂಡದ್ದು ೧೧ರಲ್ಲಿ. ಅದನ್ನೇ ಕಡಮೆ ಪ್ರಮಾಣದಲ್ಲಿ ಜೋಡಿಯೊಡನೆ ೬ ವಾರ ಮಾತ್ರ ಕೊಟ್ಟಾಗ, ೨೪ರಲ್ಲಿ ೧೬ಕ್ಕೆ ಗುಣ ಕಂಡಿತು; ಮೂತ್ರಪಿಂಡದ ತೊಂದರೆಯೂ ತಗ್ಗಿತು. ಆದರೆ ಮರಣಗಳು ಎರಡು ಕಡೆಯೂ ಐದೈದೇ.

ಜೋಡಿಯು ಪ್ರಾಣವನ್ನೂ ಉಳಿಸುವುದೇ ಎಂಬ ಪ್ರಶ್ನೆಗೆ ೨೦೧೩ರಲ್ಲಿ ವಿಯೆಟ್ನಾಂ ದೇಶದಿಂದ ಉತ್ತರ ಬಂತು. ಏಡ್ಸ್ ವೈರಾಣು ತಗುಲಿದ್ದ ೨೯೯ ರೋಗಿಗಳನ್ನು ಮೂರು ಪಂಗಡ ಮಾಡಿದ್ದರು. ೭೦ ದಿನಗಳಲ್ಲಿ, ಒಂದೇ ಮದ್ದಿನ ಪಂಗಡದಲ್ಲಿ ೪೪ ಜನ ತೀರಿಕೊಂಡರೆ, ಫ್ಲೂಸೈಟೊಸಿನ್ ಸೇರಿಸಿದ ಪಂಗಡದಲ್ಲಿ ೩೦ ಜನ. ಮೂರನೆಯ ಪಂಗಡಕ್ಕೆ ಆಂಫೊಟೆರಿಸಿನ್ನಿನೊಡನೆ ಫ್ಲೂಕೊನಜೋಲ್ ಎಂಬ ಬೇರೊಂದು ಮದ್ದನ್ನು ಕೊಟ್ಟಿದ್ದರು. ಅಲ್ಲಿ ಪ್ರಾಣ ಉಳಿಸುವ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಎರಡಾದರೆ ಬಲ ಹೆಚ್ಚು ಎಂಬ ಲೆಕ್ಕ ಎಲ್ಲೆಡೆಯೂ ನಡೆಯದು; ಯಾವ ಎರಡು ಎಂಬುದು ಮುಖ್ಯ. ಅದನ್ನು ತರ್ಕದಿಂದ ಊಹಿಸಬಹುದು, ನಿರ್ಣಯಿಸಬೇಕಾದುದು ಪರೀಕ್ಷೆಯಿಂದ.

ಜೋಡಿಗೂ ಅಪಾಯವಿಲ್ಲದಿಲ್ಲ. ಫ್ಲೂಸೈಟೊಸಿನ್ ಹೊರಹೋಗುವುದು ಮೂತ್ರಪಿಂಡದ ಮೂಲಕ. ಆಂಫೊಟೆರಿಸಿನ್ ಮೂತ್ರಪಿಂಡವನ್ನು ದಣಿಸಿದರೆ ಅದು ರಕ್ತದಲ್ಲಿ ಸಂಗ್ರಹವಾಗಿ, ರಕ್ತಕಣಗಳು ಹುಟ್ಟುವ ಮಜ್ಜೆಯನ್ನು ಕೆಡಿಸಬಲ್ಲದು. ಮಾವನ ರಕ್ತವನ್ನು ಮೇಲಿಂದ ಮೇಲೆ ತೆಗೆಯುತ್ತಿದ್ದುದು ಏಕೆಂದು ನನಗೆ ಆಮೇಲೆ ತಿಳಿಯಿತು. ಆಫ್ರಿಕದ ದೇಶಗಳಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆಯು ಇನ್ನೂ ಸುಲಭ ಮಾರ್ಗವನ್ನು ತೋರಿತು. ಕೊಬ್ಬಿನ ಸೂಕ್ಷ್ಮ ಗೋಲಿಗಳಲ್ಲಿ ಅಡಗಿಸಿದ ಆಂಫೊಟೆರಿಸಿನ್ನನ್ನು ಒಂದೇ ಸಲ ಹೆಚ್ಚು ಪ್ರಮಾಣದಲ್ಲಿ ಕೊಟ್ಟು, ಉಳಿದೆರಡು ಮದ್ದುಗಳನ್ನು ಎರಡು ವಾರ ನುಂಗಿಸುವುದೇ ಆ ಕ್ರಮ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಏಡ್ಸ್ ವೈರಾಣು ಉಳ್ಳ ಇಂತಹ ರೋಗಿಗಳಿಗೆ ಅದನ್ನು ಶಿಫಾರಸು ಮಾಡಿತು.

ಇನ್ನು ನಮ್ಮ ಮನೆಯ ಮಾತು. ವೈದ್ಯರು ಚೀಟಿಯಲ್ಲಿ ಎರಡೂ ಮದ್ದುಗಳನ್ನು ಬರೆದರು. ಮೊದಲನೆಯದು ಸಿಕ್ಕಿತು. ಎರಡನೆಯದಕ್ಕಾಗಿ ನಾನು ಊರಿನ ಔಷಧಿ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದೆ. ದೊಡ್ಡ ಪಟ್ಟಣದಿಂದ ನಮ್ಮಣ್ಣ ಅದನ್ನು ತಂದದ್ದು ಐದನೆಯ ದಿನ. ಮಾವ ಬದುಕಿದರು, ಕಣ್ಣು ಮಂಜಾಯಿತು. ತಡವಾದುದರಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ಮಿದುಳಿನ ಒತ್ತಡವೂ ಕಣ್ಣನ್ನು ಕೆಡಿಸುತ್ತದೆಂದು ವೈದ್ಯರು ತಿಳಿಸಿದರು. ಆದರೆ ೧೯೫೭ರಲ್ಲಿ ಹುಟ್ಟಿದ ಮದ್ದು, ಏಕಸ್ವಾಮ್ಯದ ಹಕ್ಕು ಎಂದೋ ಮುಗಿದ ಮದ್ದು, ನಮ್ಮ ಊರಿಗೆ ಏಕೆ ಬಂದಿಲ್ಲ? ಕೊಳ್ಳುವ ಶಕ್ತಿಯಿಲ್ಲದವರ ಅಗತ್ಯವನ್ನು ಪೇಟೆ ಬೇಡಿಕೆಯೆಂದು ಎಣಿಸುವುದಿಲ್ಲ ಎಂದು ತರಗತಿಯಲ್ಲಿ ಓದಿದ್ದೆ. ಅದರ ಅರ್ಥ ನನಗಾದದ್ದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ.

ಈಗ ದಿನವೂ ಸಂಜೆ ಮಾವನಿಗೆ ಪತ್ರಿಕೆಯನ್ನು ನಾನೇ ಓದಿ ಹೇಳುತ್ತೇನೆ. ಸ್ಟೀರಾಯ್ಡ್ ಗುಳಿಗೆಗಳನ್ನು ವೈದ್ಯರ ಸಲಹೆಯಿಲ್ಲದೆ ನುಂಗಲೂ ಬಾರದು, ಹಠಾತ್ತನೆ ಬಿಡಲೂ ಬಾರದು. ಅಂತಹವರಿಗೆ ಬಿಡದ ತಲೆನೋವು ಬಂದರೆ ಬಿಸಿಲಿನ ತಾಪವೆಂದು ಕಡೆಗಣಿಸಬಾರದು. ಇಷ್ಟನ್ನು ಅರಿಕೆ ಮಾಡಿ ಈ ಲೇಖನವನ್ನು ಮುಗಿಸುತ್ತೇನೆ.