ಸೆಲ್ಫ್ ಮೋಟಾರ್ ಅಗ್ಗ, ಅದರ ದಾರಿ ದುಬಾರಿ

ಹಳೇ ಕಾರಿನ ಸೆಲ್ಫ್ ಮೋಟಾರ್ ಕೆಟ್ಟಾಗ ಎಲ್ಲರೂ ಮೊದಲು ಕೇಳುವುದು ‘ಮೋಟಾರ್ ಎಷ್ಟು?’ ಅಂತ. ‘ಬಿಚ್ಚಿ ಹಾಕೋಕೆ ಎಷ್ಟು?’ ಅಂತ ಮೊದಲು ಕೇಳಬೇಕು. ಜಾಗ ಇಕ್ಕಟ್ಟಾಗಿರುವ ಕಾರಿನಲ್ಲಿ ಇಡೀ ಲೆಕ್ಕಾಚಾರ ನಿಂತಿರುವುದು ಈ ಎರಡನೇ ಪ್ರಶ್ನೆಯ ಮೇಲೆ.

ನಮ್ಮ ಕಾರಿಗೆ ಹದಿನೈದು ವರ್ಷ ತುಂಬಿ, ಆರ್‌ಸಿ ಐದು ವರ್ಷಕ್ಕೆ ನವೀಕರಣವಾಗಿತ್ತು. ಶುಲ್ಕವೇ 5,000 ರೂಪಾಯಿ. 2022ರ ಏಪ್ರಿಲ್‌ಗೆ ಮೊದಲು ಇದು 600 ಇತ್ತು. ಹಸಿರು ತೆರಿಗೆ ಬೇರೆ. ಇಷ್ಟೆಲ್ಲ ಕಟ್ಟಿದ ಮೇಲೆ ಸೆಲ್ಫ್ ಕೈಕೊಟ್ಟಿತು. ಕೀ ತಿರುಗಿಸಿದರೆ ಒಂದು ‘ಟಕ್’, ಆಮೇಲೆ ಸದ್ದಿಲ್ಲ.

ಈ ‘ಟಕ್’ ಕೇಳಿದ ಕೂಡಲೇ ಬ್ಯಾಟರಿ ಬದಲಾಯಿಸಿ ಎನ್ನುವವರೇ ಹೆಚ್ಚು. ಹಾಗೆ ಸಾವಿರಾರು ರೂಪಾಯಿ ಸುರಿದು, ಮಾರನೇ ದಿನ ಮತ್ತೆ ಅದೇ ಸದ್ದು ಕೇಳಿದವರನ್ನು ನೋಡಿದ್ದೇನೆ. ನಮ್ಮ ಬಡಾವಣೆಯ ಎಲೆಕ್ಟ್ರಿಷಿಯನ್ ಮೊದಲು ಮೀಟರ್ ಹಿಡಿದರು: 12.6 ವೋಲ್ಟ್, ಬ್ಯಾಟರಿ ಸರಿಯಿದೆ. ಟರ್ಮಿನಲ್, ಅರ್ತ್ ಕೇಬಲ್ ಉಜ್ಜಿ ಬಿಗಿ ಮಾಡಿದರು. ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿದಾಗ ಬೆಳಕು ಮಂಕಾಗಲಿಲ್ಲ, ಅಂದರೆ ಮೋಟಾರ್ ಕರೆಂಟ್ ಎಳೆಯುತ್ತಲೇ ಇಲ್ಲ. ಕೊನೆಗೆ ಉದ್ದನೆಯ ಕಂಬಿಯೊಂದನ್ನು ಸಂದಿಯಲ್ಲಿ ತೂರಿಸಿ ಮೋಟಾರಿನ ಮೈಗೆ ಮೆಲ್ಲಗೆ ತಟ್ಟಿದರು. ಇಂಜಿನ್ ಸ್ಟಾರ್ಟ್ ಆಯಿತು! ಕಾರ್ಬನ್ ಬ್ರಷ್ ಸವೆದಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಸಿಗುವುದು ಕಷ್ಟ. ಈ ಪರೀಕ್ಷೆಗೆ ಅವರು ತೆಗೆದುಕೊಂಡದ್ದು 200 ರೂಪಾಯಿ. ಇಡೀ ವ್ಯವಹಾರದಲ್ಲಿ ಅತಿ ಹೆಚ್ಚು ಬೆಲೆ ಬಾಳಿದ ಹಣ ಅದೇ ಎಂದು ನನ್ನ ಅಭಿಪ್ರಾಯ.

ಎದುರಿಗೆ ಎರಡು ದಾರಿ. ಬ್ರಷ್, ಬುಶ್ ಹಾಕಿಸಿ ಹಳೆಯದನ್ನೇ ರಿಪೇರಿ ಮಾಡಿಸಿದರೆ 1,500. ಜೆ.ಸಿ. ರಸ್ತೆಯಲ್ಲಿ ಹೊಸ ಮೋಟಾರ್ ವಿಚಾರಿಸಿದರೆ 5,500. ಉಳಿತಾಯ 4,000 ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ನಮ್ಮ ಕಾರಿನಲ್ಲಿ ಮೋಟಾರ್ ಇರುವುದು ಇಂಜಿನ್ನಿನ ಹಿಂದೆ, ಇನ್‌ಟೇಕ್ ಮ್ಯಾನಿಫೋಲ್ಡ್‌ನ ಅಡಿಯಲ್ಲಿ. ಏರ್ ಫಿಲ್ಟರ್ ಬಾಕ್ಸ್ ತೆಗೆದು, ಮ್ಯಾನಿಫೋಲ್ಡ್ ಬಿಚ್ಚಿದರಷ್ಟೇ ಕೈ ಹೋಗುತ್ತದೆ. ಮೇಲಿನ ಬೋಲ್ಟ್ ಅಂತೂ ಕಣ್ಣಿಗೆ ಕಾಣುವುದೇ ಇಲ್ಲ; ಎಕ್ಸ್‌ಟೆನ್ಷನ್‌ಗೆ ಯೂನಿವರ್ಸಲ್ ಜಾಯಿಂಟ್ ಸಿಕ್ಕಿಸಿ, ಬೆರಳಿನಲ್ಲೇ ತಡವಿ ಹುಡುಕಬೇಕು. ಅದಕ್ಕೆ ಕೂಲಿ 4,500. ರಿಪೇರಿ ಮಾಡಿಸಿದ್ದು ಈ ಐದು ವರ್ಷದಲ್ಲಿ ಒಂದೇ ಒಂದು ಸಲ ಕೈಕೊಟ್ಟರೂ, ಉಳಿಸಿದ 4,000ಕ್ಕಿಂತ ಹೆಚ್ಚು ಹಣ ಬರೀ ಬಿಚ್ಚಿ ಜೋಡಿಸುವುದಕ್ಕೇ ಹೋಗುತ್ತದೆ. ಹೊಸದನ್ನೇ ಹಾಕಿಸಿದೆ.

ನಮ್ಮ ತಮ್ಮನ ಕಾರಿನಲ್ಲಿ ಮೋಟಾರ್ ಮುಂದೆಯೇ ಇದೆ. ಬಾನೆಟ್ ಎತ್ತಿದರೆ ಕೈಗೆ ಸಿಗುತ್ತದೆ, ಕೂಲಿ 800. ಅವನಿಗೆ ಬ್ರಷ್ ಹಾಕಿಸು ಅಂತಲೇ ಹೇಳಿದೆ. ಮತ್ತೆ ಹೋದರೆ ಹೋಗಲಿ, ನಷ್ಟ ಸಣ್ಣದು. ಗುಜರಿಯ ಸೆಕೆಂಡ್ ಹ್ಯಾಂಡ್ ಮೋಟಾರ್ ಮಾತ್ರ ಇಬ್ಬರಿಗೂ ಬೇಡ. ಅದು ಎಷ್ಟು ಸವೆದಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ.

ಕೆಲಸ ನಡೆಯುವಾಗ ಗ್ಯಾರೇಜಿನಲ್ಲೇ ನಿಂತಿದ್ದೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದರು; ಮೋಟಾರಿಗೆ ಹೋಗುವ ದಪ್ಪ ಕೇಬಲ್‌ಗೆ ಫ್ಯೂಸ್ ಇರುವುದಿಲ್ಲ, ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಮೋಟಾರ್ ಹೊರಬಂದ ಮೇಲೆ ‘ಬನ್ನಿ ಸಾರ್, ಇಲ್ಲಿ ನೋಡಿ’ ಎಂದು ಟಾರ್ಚ್ ಬಿಟ್ಟರು. ಆ ತೂತಿನಲ್ಲಿ ಫ್ಲೈವೀಲ್‌ನ ರಿಂಗ್ ಗೇರ್ ಹಲ್ಲುಗಳು ಕಾಣುತ್ತವೆ. ನಾಲ್ಕು ಸಿಲಿಂಡರ್ ಇಂಜಿನ್ ನಿಲ್ಲುವುದು ಹೆಚ್ಚುಕಡಿಮೆ ಎರಡೇ ಜಾಗದಲ್ಲಿ, ಆದ್ದರಿಂದ ಹಲ್ಲು ಸವೆಯುವುದೂ ಅಲ್ಲೇ. ಇಂಜಿನ್ನನ್ನು ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿಯೇ ನೋಡಬೇಕು. ಹಲ್ಲು ಮುರಿದಿದ್ದರೆ ಗೇರ್‌ಬಾಕ್ಸ್ ಇಳಿಸಬೇಕು, ಖರ್ಚಿನ ಲೆಕ್ಕವೇ ಬೇರೆ. ನಮ್ಮದು ಚೆನ್ನಾಗಿತ್ತು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೊಸದು, ಜೊತೆಗೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದ ಹೀಟರ್ ಹೋಸ್ ಕೂಡ ಹೊಸದು ಹಾಕಿಸಿದೆ. ಎರಡಕ್ಕೂ ಪ್ರತ್ಯೇಕ ಕೂಲಿ ಬೀಳಲಿಲ್ಲ.

ಬಿಲ್ ಬೇಡವೆಂದರೆ 18% ಜಿಎಸ್‌ಟಿ ಉಳಿಯುತ್ತದೆ ಎಂದು ಅಂಗಡಿಯವರು ಹೇಳಿದ್ದರು. ನಾನು ಬಿಲ್ ಹಾಕಿಸಿಕೊಂಡೆ. ಒಂದು ವರ್ಷದ ವಾರಂಟಿಗೆ ಆಧಾರ ಅದೊಂದೇ ಕಾಗದ. ಆದರೂ ಆ ವಾರಂಟಿ ಮೋಟಾರಿಗೆ ಮಾತ್ರ, ಕೂಲಿಗಲ್ಲ. ಆದ್ದರಿಂದ ವರ್ಷದೊಳಗೆ ಮತ್ತೆ ಬಿಚ್ಚಬೇಕಾಗಿ ಬಂದರೆ ಅರ್ಧ ಕೂಲಿ ಎಂದು ಗ್ಯಾರೇಜಿನವರ ಕೈಯಲ್ಲಿ ಅವರ ಬಿಲ್ಲಿನ ಮೇಲೇ ಬರೆಸಿ, ಸಹಿ ಹಾಕಿಸಿಕೊಂಡೆ.