ದೂರದ ಖರೀದಿದಾರನಿಗೆ ಮಾರಿದ ಮಾಲಿನ ಹಣ: ತಕರಾರುಗಳೂ ಅವುಗಳ ಪರಿಹಾರಕ್ರಮವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿ ರೈತರು ತಮ್ಮ ಮಾಲನ್ನು ಮಾರುವ ಕ್ರಮವು ಇತ್ತೀಚಿನ ವರ್ಷಗಳಲ್ಲಿ ಬಹಳ ಮಟ್ಟಿಗೆ ಬದಲಾಗಿರುವುದು. ದನಗಳ ಜಾತ್ರೆಯಲ್ಲಿ ಮಾರುವವನೂ ಕೊಳ್ಳುವವನೂ ಎದುರಿಗಿದ್ದು, ಬೆಲೆ ಕುದುರಿ ಹಣವನ್ನು ಎಣಿಸಿಕೊಂಡ ಬಳಿಕವೇ ಎತ್ತಿನ ಹಗ್ಗವು ಕೈ ಬದಲಾಯಿಸುವುದೆಂಬುದು ಚುಂಚನಕಟ್ಟೆಯ ಜಾತ್ರೆಯನ್ನು ಕಂಡವರಿಗೆಲ್ಲ ತಿಳಿದ ವಿಷಯ. ಕರ್ನಾಟಕದಲ್ಲಿ ೧೯೮೪ನೆಯ ಇಸವಿಯಿಂದ ತಂಬಾಕು ಮಂಡಳಿಯ ಹರಾಜುಗಳೂ, ೨೦೧೪ರ ಫೆಬ್ರವರಿಯಿಂದ ಏಕೀಕೃತ ಮಾರುಕಟ್ಟೆ ವೇದಿಕೆಯೂ ನಡೆದು ಬಂದಿವೆ. ೨೦೧೬ನೆಯ ಏಪ್ರಿಲ್ ೧೪ರಂದು ರಾಷ್ಟ್ರೀಯ ಕೃಷಿ ಮಾರುಕಟ್ಟೆಯೂ ಆರಂಭವಾಯಿತು. ಇಂತಹ ಸ್ಥಳಗಳಲ್ಲಿ ತೂಕಕ್ಕೂ ದರಕ್ಕೂ ಸಂದಾಯಕ್ಕೂ ದಾಖಲೆ ಇರುವುದರಿಂದ, ತಕರಾರು ಬಂದಾಗ ಹೋಗಿ ಕೇಳಲು ಒಂದು ಕಚೇರಿ ಇರುವುದು.

ಈಚೆಗೆ ಮೂರನೆಯ ಒಂದು ಬಗೆಯ ವ್ಯಾಪಾರವು ಹಳ್ಳಿಗಳಲ್ಲಿ ಹಬ್ಬಿರುವುದು. ಮಿರ್ಲೆಯ ರೈತನು ತನ್ನ ಭತ್ತ, ಶುಂಠಿ, ಹಸು ಅಥವಾ ಹಳೆಯ ಟ್ರ್ಯಾಕ್ಟರಿನ ಚಿತ್ರವನ್ನು ಅಂತರ್ಜಾಲದಲ್ಲಿ ಪ್ರಕಟಿಸುವನು, ಎಂದೂ ಕಾಣದ ಊರಿನವನು ಫೋನಿನಲ್ಲಿಯೇ ಬೆಲೆ ಒಪ್ಪುವನು, ಲಾರಿ ಬರುವುದು. ಇಲ್ಲಿ ಮಂಡಳಿಯೂ ಇಲ್ಲ, ಸಮಿತಿಯೂ ಇಲ್ಲ. ಹಣ ಬಾರದಿದ್ದರೆ ಒಂದು ವರ್ಷದ ದುಡಿಮೆಯೇ ಹೋದಂತೆ. ಆದುದರಿಂದ ಈ ಬಗೆಯ ಮಾರಾಟದಲ್ಲಿ ಅನುಸರಿಸತಕ್ಕ ಕ್ರಮವನ್ನು ಗ್ರಾಮದ ಮುಖಂಡರೂ ಹಿಡುವಳಿದಾರರೂ ಚೆನ್ನಾಗಿ ಅರಿತಿರುವುದು ಅವಶ್ಯಕ.

೧. ಸಂದೇಶವನ್ನು ಹಣವೆಂದು ಎಣಿಸಕೂಡದು

ಕೊಳ್ಳುವವನು “ಹಣ ಕಳುಹಿಸಿದ್ದೇನೆ” ಎಂದು ಒಂದು ರಸೀತಿಯ ಚಿತ್ರವನ್ನು ತೋರಿಸುವುದುಂಟು. ಅಂತಹ ಚಿತ್ರವನ್ನು ಯಾರು ಬೇಕಾದರೂ ತಯಾರಿಸಬಹುದು. ಬ್ಯಾಂಕಿನಿಂದ ಬಂದಂತೆ ಕಾಣುವ ಸಂದೇಶವನ್ನು ಸಹ ಸುಳ್ಳಾಗಿ ಕಳುಹಿಸಬಹುದು. ಮಾರುವವನು ತನ್ನ ಖಾತೆಯ ಬಾಕಿಯನ್ನು ತಾನೇ ತೆರೆದು ನೋಡಬೇಕು, ಇಲ್ಲವೆ ಬ್ಯಾಂಕಿನಲ್ಲಿ ಪುಸ್ತಕ ಭರ್ತಿ ಮಾಡಿಸಬೇಕು.

ಕೆಲವು ವೇಳೆ ಕೊಳ್ಳುವವನ ಖಾತೆಯಿಂದ ಹಣವು ನಿಜವಾಗಿಯೂ ಕಳೆದು, ಮಾರುವವನ ಖಾತೆಗೆ ಸೇರದೆ ನಡುವೆ ನಿಲ್ಲುವುದು. ಇದಕ್ಕಾಗಿ ರಿಸರ್ವ್ ಬ್ಯಾಂಕು ೨೦೧೯ನೆಯ ಸೆಪ್ಟೆಂಬರ್ ೨೦ರಂದು ಒಂದು ಸುತ್ತೋಲೆ ಹೊರಡಿಸಿತು. ಅದರಂತೆ, ವ್ಯಕ್ತಿಯಿಂದ ವ್ಯಕ್ತಿಗೆ ಯು.ಪಿ.ಐ. ಮೂಲಕ ಕಳುಹಿಸಿ ಜಮೆಯಾಗದ ಹಣವು ಮರುದಿನದೊಳಗೆ ಕಳುಹಿಸಿದವನ ಖಾತೆಗೆ ಹಿಂದಿರುಗತಕ್ಕದ್ದು. ತಡವಾದರೆ ಬ್ಯಾಂಕು ದಿನಕ್ಕೆ ೧೦೦ ರೂಪಾಯಿಯಂತೆ ಪರಿಹಾರ ಕೊಡತಕ್ಕದ್ದು. ಹೀಗಿರುವುದರಿಂದ ಪ್ರಾಮಾಣಿಕನಾದ ಖರೀದಿದಾರನಿಗೆ ಒಂದು ದಿನ ಕಾಯುವುದರಿಂದ ಹಣ ನಷ್ಟವಾಗದು. ಅಷ್ಟು ಕಾಲ ಮಾಲು ಮಾರುವವನ ಉಗ್ರಾಣದಲ್ಲಿಯೇ ಇರಲಿ.

೨. ಹಣ ಪಡೆಯಲು ಗುಪ್ತಸಂಖ್ಯೆ ಬೇಕಿಲ್ಲ

ಮೋಸಗಾರರಲ್ಲಿ ಕೆಲವರು ತಾವು ಸೈನ್ಯದಲ್ಲಿರುವುದಾಗಿ ಹೇಳಿ, ಬೆಲೆ ಚೌಕಾಸಿ ಮಾಡದೆ ಒಪ್ಪಿ, “ಮುಂಗಡ ಪಡೆಯಲು ಈ ಕ್ಯೂ.ಆರ್. ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ” ಎಂದು ಹೇಳುವರು. ಪಿನ್ ಎಂಬ ಗುಪ್ತಸಂಖ್ಯೆಯು ಖಾತೆಯಿಂದ ಹಣ ಕೊಡಲು ಅಪ್ಪಣೆ ನೀಡುವ ಸಹಿಯಂತೆ. ಹಣ ಪಡೆಯುವವನು ಅದನ್ನು ಒತ್ತಬೇಕಾದ ಸಂದರ್ಭವೇ ಇಲ್ಲ. ಈ ಒಂದು ಸಂಗತಿಯನ್ನು ಮನೆಯ ಹೆಂಗಸರಿಗೂ ಹುಡುಗರಿಗೂ ತಿಳಿಸಿಟ್ಟರೆ ಅನೇಕ ಮೋಸಗಳು ತಪ್ಪುವುವು.

“ತಪ್ಪಿ ಹೆಚ್ಚು ಹಣ ಬಂದಿದೆ, ಮಿಕ್ಕಿದ್ದನ್ನು ಬೇರೊಂದು ನಂಬರಿಗೆ ಹಿಂದಿರುಗಿಸಿ” ಎಂಬುದು ಇನ್ನೊಂದು ಉಪಾಯ. ಮೊದಲು ಖಾತೆಯನ್ನು ನೋಡಿ, ನಿಜವಾಗಿ ಹೆಚ್ಚು ಬಂದಿದ್ದಲ್ಲಿ ಬ್ಯಾಂಕಿಗೆ ಬರೆದು ತಿಳಿಸತಕ್ಕದ್ದು. ಬೇರೆ ನಂಬರಿಗೆ ತಾನಾಗಿ ಕಳುಹಿಸಕೂಡದು.

೩. ಲಾರಿಗೆ ತುಂಬುವ ಮೊದಲು

೧೯೩೦ನೆಯ ಇಸವಿಯ ಸರಕು ಮಾರಾಟದ ಅಧಿನಿಯಮವು ಈಗಲೂ ಜಾರಿಯಲ್ಲಿರುವುದು. ಬೇರೆ ಒಪ್ಪಂದವಿಲ್ಲದಿದ್ದರೆ ಮಾಲು ಕೊಡುವುದೂ ಹಣ ಕೊಡುವುದೂ ಒಟ್ಟಿಗೆ ನಡೆಯತಕ್ಕದ್ದೆಂದು ಅದರ ೩೨ನೆಯ ಕಲಮು ಹೇಳುವುದು. ಸಾಲದ ವಾಯಿದೆ ಕೊಡದೆ ಮಾರಿದವನು ಹಣ ಸಲ್ಲುವವರೆಗೆ ತನ್ನ ವಶದಲ್ಲಿರುವ ಮಾಲನ್ನು ತಡೆದಿಟ್ಟುಕೊಳ್ಳಬಹುದೆಂದು ೪೭ನೆಯ ಕಲಮು ಹೇಳುವುದು. ಆದರೆ ಮಾಲಿನ ಮೇಲೆ ತನ್ನ ಅಧಿಕಾರವನ್ನು ಕಾದಿರಿಸದೆ ಸಾಗಣೆದಾರನಿಗೆ ಒಪ್ಪಿಸಿದರೆ ಈ ಹಕ್ಕು ಕಳೆದುಹೋಗುವುದು. ಆದುದರಿಂದ ಲಾರಿ ಹೊರಡುವ ಗಳಿಗೆಯೇ ಮುಖ್ಯವಾದುದು.

ಉದಾಹರಣೆಗೆ, ಒಬ್ಬ ರೈತನು ೧೦೦ ಚೀಲ ಭತ್ತವನ್ನು ಮಾರುವನೆಂದು ಭಾವಿಸಬಹುದು. ತುಂಬುವ ಮೊದಲು ಒಂದು ಕಾಗದದಲ್ಲಿ ತಳಿ, ತೇವದ ಪ್ರಮಾಣ, ಚೀಲಗಳ ಸಂಖ್ಯೆ, ಒಟ್ಟು ತೂಕ, ಕ್ವಿಂಟಾಲಿಗೆ ದರ, ಕೂಲಿ ಮತ್ತು ಬಾಡಿಗೆ ಯಾರದು, ಹಣ ಸಲ್ಲುವ ದಿನ ಇವಿಷ್ಟನ್ನೂ ಬರೆದು, ಅದರ ಚಿತ್ರವನ್ನು ಖರೀದಿದಾರನಿಗೆ ಕಳುಹಿಸಿ, ಅವನ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು. ತೂಕದ ಚೀಟಿ, ಲಾರಿಯ ನಂಬರು, ಚಾಲಕನ ಸಹಿ ಇವನ್ನು ಇಟ್ಟುಕೊಳ್ಳತಕ್ಕದ್ದು. ತೆರೆದ ಒಂದೆರಡು ಚೀಲಗಳ ಚಿತ್ರವೂ, ಕಟ್ಟಿ ಮುದ್ರೆ ಹಾಕಿದ ಒಂದು ಸೇರು ಮಾದರಿಯೂ ಇದ್ದರೆ ಇನ್ನೂ ಒಳ್ಳೆಯದು. ಮಾಲು ಊರು ಸೇರಿದ ಮೇಲೆ “ತೇವ ಹೆಚ್ಚು, ದರ ಇಳಿಸಿ” ಎಂಬ ಮಾತು ಬಂದಾಗ ಈ ಕಾಗದವೇ ಉತ್ತರ ಕೊಡುವುದು. ಮಾಲನ್ನು ಪರೀಕ್ಷಿಸಲು ಕೊಳ್ಳುವವನಿಗೆ ಹಕ್ಕಿರುವುದು. ಆದರೆ ಬೇಡವೆಂದು ತಿಳಿಸದೆ ಯುಕ್ತ ಕಾಲ ಮೀರಿ ಇಟ್ಟುಕೊಂಡರೆ ಅವನು ಅದನ್ನು ಸ್ವೀಕರಿಸಿದಂತೆಯೇ ಕಾನೂನು ಎಣಿಸುವುದು.

೪. ಮೋಸವಾದ ಕೂಡಲೆ

ಖಾತೆಯಿಂದ ಹಣ ಹೋಯಿತೆಂದು ತಿಳಿದ ಗಳಿಗೆಯಲ್ಲಿಯೇ ೧೯೩೦ ಎಂಬ ನಂಬರಿಗೆ ಕರೆ ಮಾಡತಕ್ಕದ್ದು. ಮೇಲೆ ಹೇಳಿದ ಅಧಿನಿಯಮದ ಇಸವಿಯೂ ಈ ನಂಬರೂ ಒಂದೇ ಆಗಿರುವುದರಿಂದ ನೆನಪಿಡುವುದು ಸುಲಭ. ಇಲ್ಲಿ ದೂರು ದಾಖಲಾದರೆ, ಹಣವು ಮೋಸಗಾರನ ಖಾತೆಯಿಂದ ಮುಂದಕ್ಕೆ ಜಾರುವ ಮೊದಲೇ ಅದನ್ನು ತಡೆಹಿಡಿಯಲು ಬ್ಯಾಂಕುಗಳಿಗೆ ಸೂಚನೆ ಹೋಗುವುದು. ತಡಮಾಡಿದಷ್ಟೂ ಹಣವು ಹಲವು ಖಾತೆಗಳಿಗೆ ಹಂಚಿಹೋಗುವುದು. ನಾಚಿಕೆಯಿಂದ ಒಂದೆರಡು ದಿನ ಸುಮ್ಮನಿರುವುದೇ ದೊಡ್ಡ ನಷ್ಟಕ್ಕೆ ಕಾರಣ.

ಅನಂತರ ತನ್ನ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯತಕ್ಕದ್ದು. ಪೊಲೀಸ್ ಠಾಣೆಯಲ್ಲಿಯೂ ದೂರು ಕೊಡತಕ್ಕದ್ದು. ವ್ಯವಹಾರದ ಸಂಖ್ಯೆ, ಸಂಭಾಷಣೆ, ಕರೆಯ ಪಟ್ಟಿ ಇವನ್ನು ಫೋನಿನಿಂದ ಅಳಿಸಕೂಡದು. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮಿನಂತೆ ಇಂತಹ ದಾಖಲೆಗಳು ತಕ್ಕ ಪ್ರಮಾಣಪತ್ರದೊಡನೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುವು. ಬ್ಯಾಂಕು ೩೦ ದಿನಗಳಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ದೂರಬಹುದು.

ಹಣ ಜಮೆಯಾದ ಮೇಲೆಯೂ, ಅದು ಬೇರೊಬ್ಬನಿಂದ ಕದ್ದದ್ದೆಂಬ ದೂರಿನ ಮೇಲೆ ಮಾರಿದವನ ಖಾತೆಯನ್ನು ತಡೆಹಿಡಿಯುವುದುಂಟು. ಆಗ ಮಾಲು ನಿಜವಾಗಿ ಮಾರಿದ್ದೆಂದು ತೋರಿಸಲು ಮೂರನೆಯ ಭಾಗದಲ್ಲಿ ಹೇಳಿದ ಕಾಗದಗಳೇ ಆಧಾರ.

೫. ಖರೀದಿದಾರನು ಹಣ ಕೊಡದೆ ತಡಮಾಡಿದರೆ

ಎಲ್ಲ ಬಾಕಿಯೂ ಮೋಸವಲ್ಲ. ಪರಿಚಿತ ವ್ಯಾಪಾರಿಯು ತಡಮಾಡಿದಲ್ಲಿ ಮೊದಲು ಮೊತ್ತ, ದಿನಾಂಕ, ಗಡುವು ಇವನ್ನು ತಿಳಿಸಿ ಸ್ಪೀಡ್ ಪೋಸ್ಟ್ ಮೂಲಕ ನೋಟೀಸು ಕಳುಹಿಸತಕ್ಕದ್ದು. ಮಾಲು ಇನ್ನೂ ತನ್ನ ವಶದಲ್ಲಿದ್ದರೆ, ನೋಟೀಸು ಕೊಟ್ಟು ಯುಕ್ತ ಕಾಲ ಕಾದು ಬೇರೆಯವರಿಗೆ ಮಾರಬಹುದು. ಹಸಿ ಶುಂಠಿ, ತರಕಾರಿಯಂತೆ ಬೇಗ ಕೆಡುವ ಮಾಲಿಗೆ ನೋಟೀಸೂ ಬೇಕಿಲ್ಲ. ಹೀಗೆ ಮಾರಿದುದರಲ್ಲಿ ಆದ ನಷ್ಟವನ್ನು, ನೋಟೀಸು ಅಗತ್ಯವಿದ್ದಲ್ಲಿ ಅದನ್ನು ಕೊಟ್ಟಿದ್ದರೆ, ಮೊದಲಿನವನಿಂದ ಕೇಳಬಹುದು.

ಚೆಕ್ಕು ಹಿಂದಿರುಗಿದರೆ, ಬ್ಯಾಂಕಿನ ತಿಳಿವಳಿಕೆ ಬಂದ ೩೦ ದಿನಗಳೊಳಗೆ ಬರವಣಿಗೆಯಲ್ಲಿ ಹಣ ಕೇಳತಕ್ಕದ್ದು. ನೋಟೀಸು ತಲಪಿದ ೧೫ ದಿನಗಳಲ್ಲಿ ಹಣ ಕೊಡದಿದ್ದರೆ, ಆ ಮೇಲಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಸಲ್ಲಿಸತಕ್ಕದ್ದು. ಮಾಲಿನ ಬೆಲೆಗಾಗಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ವಾಯಿದೆ ಇರುವುದು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿನಲ್ಲಿ ರಾಜಿಗೆ ಯತ್ನಿಸುವುದು ಕಡಮೆ ಖರ್ಚಿನ ದಾರಿ.

೬. ಮುಖಂಡರ ಕರ್ತವ್ಯ

ಹಳ್ಳಿಯಲ್ಲಿ ಹಣದ ಮಾತು ಬಂದಾಗ ರೈತರು ಮೊದಲು ಬರುವುದು ಮುಖಂಡರ ಬಳಿಗೆ. ಆಗ “ಎಚ್ಚರವಿರಬೇಕಿತ್ತು” ಎಂದು ಗದರಿಸದೆ, ಮೊದಲು ೧೯೩೦ಕ್ಕೆ ಕರೆ ಮಾಡಿಸುವುದು ಯುಕ್ತ. ಸಹಕಾರ ಸಂಘದ ಗೋಡೆಯ ಮೇಲೆ ಈ ನಂಬರನ್ನು ದೊಡ್ಡ ಅಕ್ಷರಗಳಲ್ಲಿ ಬರೆಸುವುದೂ, ಫೋನಿನ ವ್ಯವಹಾರ ಬಲ್ಲ ಒಬ್ಬ ನಂಬಿಕಸ್ಥ ತರುಣನು ಸುಗ್ಗಿಯ ಕಾಲದಲ್ಲಿ ಓದು ಬಾರದವರ ಖಾತೆಯ ಜಮೆಯನ್ನು ಅವರೆದುರಿಗೇ ನೋಡಿ ಹೇಳುವಂತೆ ಏರ್ಪಡಿಸುವುದೂ ಹೆಚ್ಚು ಖರ್ಚಿನ ಕೆಲಸಗಳಲ್ಲ. ಮುಂದಿನ ಕೊಯ್ಲಿಗೆ ಮುಂಚೆಯೇ ಪ್ರತಿಯೊಂದು ಗ್ರಾಮದಲ್ಲಿಯೂ ಇವನ್ನು ನಡೆಸುವುದು ಉಚಿತ.