ವಲೆನ್ಸಿಯದಲ್ಲಿ ಊಟದ ಹೊತ್ತು

ಸ್ಪೇನ್ ದೇಶದ ಪೂರ್ವಕ್ಕೆ, ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ವಲೆನ್ಸಿಯ ನಗರವಿದೆ. ಮ್ಯಾಡ್ರಿಡ್ ಮತ್ತು ಬಾರ್ಸಿಲೋನಗಳನ್ನು ಬಿಟ್ಟರೆ ಆ ದೇಶದಲ್ಲಿ ಇದೇ ದೊಡ್ಡ ನಗರ. ಸುಮಾರು ಎಂಟು ಲಕ್ಷ ಜನರಿರುವ ಈ ಊರಿಗೆ ಓದಿಗಾಗಿ, ಉದ್ಯೋಗಕ್ಕಾಗಿ, ಕೆಲವೊಮ್ಮೆ ಕೇವಲ ಬಿಸಿಲಿನ ಆಸೆಗಾಗಿ ನಾನಾ ದೇಶಗಳವರು ಬಂದು ನೆಲೆಸುತ್ತಾರೆ. ಹೀಗೆ ಬಂದವನು ಮೊದಲು ನಗರಸಭೆಯ ನಿವಾಸಿಗಳ ಪಟ್ಟಿಯಲ್ಲಿ ಹೆಸರು ಬರೆಸಬೇಕು. ವೈದ್ಯಕೀಯ ನೆರವು, ಮಕ್ಕಳ ಶಾಲೆ ಮುಂತಾದವುಗಳಿಗೆ ಆ ದಾಖಲೆಯೇ ಆಧಾರ. ಹೆಸರು ಪಟ್ಟಿಗೆ ಸೇರಿದಷ್ಟು ಸುಲಭವಾಗಿ ಹೊಟ್ಟೆ ಮಾತ್ರ ಊರಿಗೆ ಸೇರುವುದಿಲ್ಲ.

ಮೊದಲ ತೊಡಕು ಗಡಿಯಾರದ್ದು. ಹನ್ನೆರಡೂವರೆಗೆ ಹಸಿದು ಊಟದ ಮನೆಗೆ ಹೋದ ಹೊಸಬನಿಗೆ ಅಲ್ಲಿ ಬರಿಯ ಮೇಜುಗಳು ಕಾಣುತ್ತವೆ. ಊಟವೇನಿದ್ದರೂ ಎರಡು ಗಂಟೆಯ ಮೇಲೆ; ರಾತ್ರಿಯ ಊಟ ಒಂಬತ್ತರ ಮೇಲೆ. ಇದನ್ನು ಆ ಜನರ ಸೋಮಾರಿತನವೆಂದು ಎಣಿಸುವವರುಂಟು. ಅದು ಸರಿಯಲ್ಲ. ವಲೆನ್ಸಿಯವು ಗ್ರೀನಿಚ್ ರೇಖೆಯ ಮಗ್ಗುಲಲ್ಲೇ ಇದೆ. ಆದರೂ 1940ರಲ್ಲಿ ಫ್ರಾಂಕೋನ ಸರ್ಕಾರವು ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದೂಡಿ ಜರ್ಮನಿಯ ವೇಳೆಗೆ ಹೊಂದಿಸಿತು. ಮಹಾಯುದ್ಧ ಮುಗಿದ ಮೇಲೂ ಅವು ಹಿಂದಕ್ಕೆ ಬರಲಿಲ್ಲ. ಬೇಸಿಗೆಯಲ್ಲಿ ಇನ್ನೂ ಒಂದು ಗಂಟೆ ಸೇರುತ್ತದೆ. ಆದುದರಿಂದ ಜುಲೈ ತಿಂಗಳಿನಲ್ಲಿ ಸೂರ್ಯನು ನೆತ್ತಿಗೇರುವಾಗ ಗೋಡೆಯ ಗಡಿಯಾರವು ಎರಡು ಹೊಡೆದಿರುತ್ತದೆ. ಅವರು ಉಣ್ಣುವುದು ನಡುಹಗಲಿನಲ್ಲಿಯೇ!

ಅಲ್ಲಿಯವರೆಗೆ ಹೊಟ್ಟೆ ತಾಳಬೇಕಷ್ಟೆ. ಅದಕ್ಕಾಗಿ ಹತ್ತು ಗಂಟೆಯ ಹೊತ್ತಿಗೆ ಒಂದು ಉಪಾಹಾರವುಂಟು. ಉದ್ದನೆಯ ರೊಟ್ಟಿಯನ್ನು ಸೀಳಿ, ನಡುವೆ ಮೊಟ್ಟೆ-ಆಲೂಗೆಡ್ಡೆಯ ದಪ್ಪ ದೋಸೆಯನ್ನೋ ಮಾಂಸವನ್ನೋ ತುಂಬಿ, ಜೊತೆಗೆ ಆಲಿವ್ ಕಾಯಿ, ಕಡಲೆಕಾಯಿಗಳನ್ನು ಇಟ್ಟು ಕೊಡುತ್ತಾರೆ. ನಸುಕಿನಿಂದ ದುಡಿದ ರೈತರ ಈ ಪದ್ಧತಿಯನ್ನು ಇಂದು ಕಚೇರಿಯ ನೌಕರರೂ ಬಿಟ್ಟಿಲ್ಲ. ಹೊಲಕ್ಕೆ ಬುತ್ತಿ ಒಯ್ಯುವ ಕನ್ನಡ ನಾಡಿನ ಒಕ್ಕಲಿಗನಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

1928ರಲ್ಲಿ ತೆರೆದ ಕೇಂದ್ರ ಮಾರುಕಟ್ಟೆಯು ಕಬ್ಬಿಣ, ಗಾಜು, ಬಣ್ಣದ ಹೆಂಚುಗಳಿಂದ ಕಟ್ಟಿದ ಭವ್ಯ ಮಂದಿರ. ಅಲ್ಲಿನ ಅಂಗಡಿಗಳ ಮುಂದೆ ಸಾಲು ಕಾಣುವುದಿಲ್ಲ. ಆದರೆ ಸರದಿ ಇದ್ದೇ ಇರುತ್ತದೆ. ಬಂದವರು "ಕಿಯೆನ್ ಎಸ್ ಎಲ್ ಉಲ್ತಿಮೊ?", ಎಂದರೆ "ಕಡೆಯವರು ಯಾರು?" ಎಂದು ಕೇಳುತ್ತಾರೆ. ಒಬ್ಬರು ತಲೆಯಾಡಿಸುತ್ತಾರೆ. ಅವರ ಹಿಂದಿನ ಸರದಿ ಇವರದು. ಇದನ್ನು ಅರಿಯದ ಹೊಸಬನು ನೇರವಾಗಿ ಮುಂದೆ ಹೋಗಿ ಎಲ್ಲರ ದೃಷ್ಟಿಗೆ ಗುರಿಯಾಗುತ್ತಾನೆ. ವ್ಯಾಕರಣ ಪುಸ್ತಕದ ಹತ್ತು ಪಾಠಗಳಿಗಿಂತ ಈ ಒಂದು ವಾಕ್ಯದಿಂದ ಅವನಿಗೆ ಹೆಚ್ಚು ಪ್ರಯೋಜನ.

ಸಸ್ಯಾಹಾರಿಯ ಪಾಡು ತುಸು ಕಷ್ಟದ್ದೇ. ಹಸಿ ತರಕಾರಿಯ ಸಾಲಡ್ ಬೇಡಿದರೂ ಅದರ ಮೇಲೆ ಟ್ಯೂನ ಮೀನಿನ ಚೂರುಗಳು ಇರಬಹುದು. ಆದರೆ ಬೆಂಕಿಯಲ್ಲಿ ಸುಟ್ಟು ಸಿಪ್ಪೆ ಸುಲಿದ ಬದನೆ ಮತ್ತು ಕೆಂಪು ದಪ್ಪ ಮೆಣಸಿನಕಾಯಿಗಳನ್ನು ಆಲಿವ್ ಎಣ್ಣೆಯಲ್ಲಿ ಕಲಸಿ ತಂದಿಟ್ಟಾಗ ಕನ್ನಡಿಗನಿಗೆ ಸುಟ್ಟ ಬದನೆಕಾಯಿಯ ಗೊಜ್ಜು ನೆನಪಾಗದಿರದು. ಅದರಲ್ಲಿಯೂ ಒಣಮೀನು ಸೇರಿದೆಯೇ ಎಂದು ಮೊದಲೇ ಕೇಳುವುದು ಲೇಸು. ಬೇಸಿಗೆಯ ಪಾನೀಯವಾದ 'ಒರ್ಚಾತ'ವನ್ನು ಹಾಲೆಂದು ಭ್ರಮಿಸಬಾರದು. ಅದು ನೆರೆಯ ಅಲ್ಬೊರಾಯ ಮುಂತಾದ ಊರುಗಳಲ್ಲಿ ಬೆಳೆಯುವ ಒಂದು ಸಣ್ಣ ಗೆಡ್ಡೆಯನ್ನು ನೆನೆಸಿ, ರುಬ್ಬಿ, ಸೋಸಿ, ಸಕ್ಕರೆ ಬೆರೆಸಿದ್ದು. ನಮ್ಮ ಗದ್ದೆಗಳಲ್ಲಿ ಕಳೆಯೆಂದು ಕಿತ್ತೆಸೆಯುವ ಕೊನ್ನಾರಿ ಗೆಡ್ಡೆಯ ಹತ್ತಿರದ ಬಳಗ ಅದು.

ಇನ್ನು ಪಾಯೆಯ. ಅಗಲವಾದ, ತಗ್ಗಾದ ಬಾಣಲೆಯ ಹೆಸರೇ ಅನ್ನಕ್ಕೂ ಬಂದಿದೆ. ನಗರದ ದಕ್ಷಿಣಕ್ಕಿರುವ ಅಲ್ಬುಫೆರ ಸರೋವರದ ಸುತ್ತಣ ಗದ್ದೆಗಳ ಗಿಡ್ಡ ಅಕ್ಕಿ, ಕೋಳಿ, ಮೊಲ, ಹಸಿ ಹುರುಳಿಕಾಯಿ, ಕೇಸರಿ ಇಷ್ಟು ಮುಖ್ಯ. ಜೊತೆಗೆ ದೊಡ್ಡ ಬಿಳಿಯ ಕಾಳೊಂದು ಬೀಳುತ್ತದೆ. ಬೆಂಗಳೂರಿನ ಸಂತೆಯಲ್ಲಿ ಅದನ್ನೇ ಡಬಲ್ ಬೀನ್ಸ್ ಎನ್ನುತ್ತಾರೆ. ಎರಡು ನಾಡುಗಳಿಗೂ ಅದು ಅಮೆರಿಕ ಖಂಡದಿಂದ ಬಂದದ್ದು. ಅಕ್ಕಿ ಹಾಕಿ ಹರಡಿದ ಮೇಲೆ ಸೌಟು ಆಡಿಸಬಾರದು. ತಳ ಹಿಡಿದ ಕೆಂಪು ಸೀಕಿಗೇ ಹೆಚ್ಚು ಬೆಲೆ. ಭಾನುವಾರದ ಮಧ್ಯಾಹ್ನ ಮನೆಮಂದಿಯೆಲ್ಲ ಬಾಣಲೆಯ ಸುತ್ತ ಕುಳಿತು, ಮರದ ಚಮಚಗಳಿಂದ ತಂತಮ್ಮ ಎದುರಿನ ಪಾಲನ್ನು ತಿನ್ನುವುದು ಹಳೆಯ ಕ್ರಮ. ಊಟ ಮುಗಿದೊಡನೆ ಯಾರೂ ಏಳುವುದಿಲ್ಲ. ಒಂದೆರಡು ಗಂಟೆಗಳ ಕಾಲ ಮಾತು ಸಾಗುತ್ತದೆ. ಅದಕ್ಕೆ 'ಸೊಬ್ರೆಮೇಸ' ಎಂಬ ಬೇರೆಯೇ ಹೆಸರುಂಟು. ಭಾಷೆ ಬಾರದವನನ್ನು ಒಂಟಿತನವು ಅತ್ಯಂತ ಕಾಡುವುದು ಈ ಹೊತ್ತಿನಲ್ಲಿ. ಸುತ್ತಲೂ ನಗೆ ಎದ್ದಾಗ ಅವನು ಅರ್ಥವಾಗದೆ ನಗುತ್ತಾನೆ. ಅವನಿಗೆ ಭಾಷೆಯನ್ನು ಕಲಿಸುವುದೂ ಇದೇ ಹೊತ್ತು.

ಅನ್ನದ ಹಿಂದೆ ನೀರಿದೆ. ಅಕ್ಕಿಗೆ 'ಅರ್ರೋಸ್', ಕಾಲುವೆಗೆ 'ಅಸೇಕಿಯ' ಎಂಬ ಹೆಸರುಗಳು ಅರಬ್ಬಿಯಿಂದ ಬಂದವು; 1238ರಲ್ಲಿ ಅರಸ ಜೌಮೆಯು ನಗರವನ್ನು ಗೆಲ್ಲುವ ಮೊದಲು ಅಲ್ಲಿದ್ದ ಮುಸಲ್ಮಾನರ ಆಳ್ವಿಕೆಯ ಗುರುತುಗಳವು. ಇಂದಿಗೂ ಗುರುವಾರ ನಡುಹಗಲಿನಲ್ಲಿ ಮುಖ್ಯ ಚರ್ಚಿನ ಬಾಗಿಲಲ್ಲಿ, ರೈತರೇ ಆರಿಸಿದ ರೈತರು ಕಪ್ಪು ನಿಲುವಂಗಿ ತೊಟ್ಟು ಕುಳಿತು ಕಾಲುವೆ ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲಿಯೇ ತೀರ್ಮಾನಿಸುತ್ತಾರೆ. ಯುನೆಸ್ಕೋ ಸಂಸ್ಥೆ 2009ರಲ್ಲಿ ಈ ಜಲನ್ಯಾಯಾಲಯವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೊರಗಿನವರೆಲ್ಲರಿಗೂ ಊರು ನಗುಮುಖ ತೋರುತ್ತದೆಂದೇನೂ ಅಲ್ಲ. ಹೆಚ್ಚಿನ ಸಂಬಳದ ಪರದೇಶಿಗಳು ಮತ್ತು ಪ್ರವಾಸಿಗಳಿಂದ ಮನೆಬಾಡಿಗೆ ಏರಿ, ಹುಟ್ಟಿದ ಕೇರಿಯನ್ನೇ ಬಿಡಬೇಕಾಗಿದೆಯೆಂಬ ಕೊರಗು ಅಲ್ಲಿಯವರಿಗಿದೆ. 2024ರ ಅಕ್ಟೋಬರ್‌ನಲ್ಲಿ ಸಾವಿರಾರು ಜನರು ಇದಕ್ಕಾಗಿ ಮೆರವಣಿಗೆ ಹೊರಟರು. ಅದೇ ತಿಂಗಳ 29ರಂದು ಮೇಘಸ್ಫೋಟದಂಥ ಮಳೆ ಸುರಿದು ನಗರದ ದಕ್ಷಿಣದ ಊರುಗಳು ಕೊಚ್ಚಿಹೋದವು. ಆ ಪ್ರಾಂತದಲ್ಲಿ ಇನ್ನೂರ ಇಪ್ಪತ್ತಕ್ಕೂ ಹೆಚ್ಚು ಜನರು ಮಡಿದರು. 1957ರ ಪ್ರವಾಹದ ತರುವಾಯ ತೂರಿಯ ನದಿಯನ್ನು ದಕ್ಷಿಣಕ್ಕೆ ತಿರುಗಿಸಿದ್ದರಿಂದ ನಗರದ ನಡುಭಾಗ ಉಳಿಯಿತು. ಮರುದಿನಗಳಲ್ಲಿ ಸಾವಿರಾರು ಮಂದಿ ಪೊರಕೆ, ಸಲಿಕೆ, ನೀರು, ರೊಟ್ಟಿಗಳನ್ನು ಹೊತ್ತು ಆ ಹೊಸ ಪಾತ್ರದ ಮೇಲಿನ ಕಾಲುಸೇತುವೆಯನ್ನು ದಾಟಿ ಕೆಸರಿನ ಊರುಗಳಿಗೆ ನಡೆದರು. ಊರವರೊಡನೆ ಪರದೇಶದ ವಿದ್ಯಾರ್ಥಿಗಳೂ ಕೂಲಿಕಾರರೂ ಅವರಲ್ಲಿದ್ದರು. ಆ ಸೇತುವೆಯನ್ನು ಜನರು ಈಗ ಒಗ್ಗಟ್ಟಿನ ಸೇತುವೆಯೆಂದು ಕರೆಯುತ್ತಾರೆ.